ಕಾಂಕ್ರೀಟು, ಇಂಟರ್‌ಲಾಕು, ಹೆಂಚಿನ ಮಂಗಳೂರಿಗೆ ಸ್ಟ್ರೀಟ್‌ಕಂಪ್ಲೀಟ್ ಹೊಂದುತ್ತದೆಯೇ?

ಮೇಲಿನಿಂದ ನೋಡಿದರೆ ಮಂಗಳೂರಿನ ಎಷ್ಟೋ ಓಣಿಗಳ ಮೇಲೆ ತೆಂಗಿನ ಗರಿಯ ಮುಸುಕು. ಉಪಗ್ರಹ ಚಿತ್ರ ಇಟ್ಟುಕೊಂಡು ಜನರೇ ಸೇರಿ ಕಟ್ಟುವ ಮುಕ್ತ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಗೆರೆ ಎಳೆಯುವವರಿಗೆ ಬಿಜೈ, ಕದ್ರಿ ಕಡೆಯ ಒಳದಾರಿ ಡಾಮರೋ ಮಣ್ಣೋ ಗೊತ್ತಾಗುವುದು ಕಷ್ಟ. ನಡೆದೇ ನೋಡಬೇಕು. ಹಾಗೆ ನಡೆಯುವ ಸ್ವಯಂಸೇವಕರ ಕೈಗೆ ಮೊದಲು ಕೊಡಬೇಕಾದ ಆ್ಯಪ್ ಸ್ಟ್ರೀಟ್‌ಕಂಪ್ಲೀಟ್. ಉಚಿತ, ಜಾಹೀರಾತಿಲ್ಲ, ಪ್ಲೇ ಸ್ಟೋರ್ ಮತ್ತು ಮುಕ್ತ ತಂತ್ರಾಂಶಗಳ ಆ್ಯಪ್ ಅಂಗಡಿ ಎಫ್-ಡ್ರಾಯ್ಡ್ ಎರಡರಲ್ಲೂ ಇದೆ. ಐಫೋನಿನವರು ಇದೇ ನಕ್ಷೆಗೆ ಮಾಹಿತಿ ಸೇರಿಸುವ ಎವ್ರಿ ಡೋರ್ ಎಂಬ ಆ್ಯಪ್ ಹಾಕಿಕೊಳ್ಳಲಿ.

ಕೆಲಸ ಸರಳ: ನಕ್ಷೆಯ ಮೇಲೆ ಪಿನ್ನುಗಳು, ಒಂದೊಂದಕ್ಕೂ ಒಂದು ಪ್ರಶ್ನೆ. ಈ ಬಸ್ ನಿಲ್ದಾಣಕ್ಕೆ ಸೂರು ಇದೆಯೇ, ಈ ಅಂಗಡಿ ಎಷ್ಟು ಗಂಟೆಗೆ ತೆರೆಯುತ್ತದೆ, ಹೀಗೆ. ಉತ್ತರ ಒತ್ತಿದರೆ ಮುಗಿಯಿತು. ನಕ್ಷೆಯಲ್ಲಿ ಮಾಹಿತಿ ಬರೆದಿಡುವ ಟ್ಯಾಗ್‌ಗಳ ವ್ಯಾಕರಣ ಕಲಿಯಬೇಕಿಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್ ಖಾತೆಯಿಲ್ಲದೆಯೂ ಶುರುಮಾಡಬಹುದು, ಆದರೆ ಲಾಗಿನ್ ಆಗುವವರೆಗೆ ಉತ್ತರಗಳೆಲ್ಲ ಫೋನಿನಲ್ಲೇ ಕೂತಿರುತ್ತವೆ. ಓಡಾಡುವ ಪ್ರದೇಶವನ್ನು ಮನೆಯ ವೈಫೈನಲ್ಲೇ ಇಳಿಸಿಕೊಂಡು ಹೊರಡಿ.

ಎಡವುವುದು ಹೆಚ್ಚಾಗಿ ರಸ್ತೆಯ ಮೇಲ್ಮೈ ಪ್ರಶ್ನೆಯಲ್ಲಿ. ನಮ್ಮ ಕಾಂಕ್ರೀಟ್ ರಸ್ತೆಗಳಲ್ಲಿ ಕೆಲವು ಮೀಟರಿಗೊಂದು ಅಡ್ಡ ಸೀಳು ಇರುತ್ತದಲ್ಲ, ಅದನ್ನು ನೋಡಿ ಹೊಸಬರು ‘ಕಾಂಕ್ರೀಟ್ ಚಪ್ಪಡಿ’ ಒತ್ತುತ್ತಾರೆ. ತಪ್ಪು. ಚಪ್ಪಡಿ ಎಂದರೆ ಬೇರೆಡೆ ಎರಕ ಹೊಯ್ದು ತಂದು ಜೋಡಿಸಿದ್ದು. ಸ್ಥಳದಲ್ಲೇ ಸುರಿದು, ಬಿರುಕು ಬಿಡದಿರಲೆಂದು ಸೀಳು ಬಿಟ್ಟದ್ದು ಬರೀ ‘ಕಾಂಕ್ರೀಟ್’. ಇಂಟರ್‌ಲಾಕಿಗೆ ನೆಲಹಾಸಿನ ಕಲ್ಲಿನ ಆಯ್ಕೆ. ಅರ್ಧ ಓಣಿ ಕಾಂಕ್ರೀಟು, ಉಳಿದರ್ಧ ಇಂಟರ್‌ಲಾಕು ಆಗಿದ್ದರೆ ಒಂದನ್ನೇ ಒತ್ತಿ ಕೈತೊಳೆದುಕೊಳ್ಳಬೇಡಿ. ಇತರ ಉತ್ತರಗಳ ಪಟ್ಟಿಗೆ ಹೋಗಿ, ಮೇಲ್ಮೈ ನಡುವೆ ಬದಲಾಗುತ್ತದೆ ಎಂಬುದನ್ನು ಆರಿಸಿ, ಚೆನ್ನಾಗಿ ಝೂಮ್ ಮಾಡಿ ಬದಲಾಗುವ ಜಾಗದಲ್ಲೇ ರಸ್ತೆಯನ್ನು ಕತ್ತರಿಸಿ. ಈ ಕತ್ತರಿಯೊಂದಕ್ಕಾಗಿಯೇ ಆ್ಯಪ್ ಇಟ್ಟುಕೊಳ್ಳಬಹುದು.

ಕಟ್ಟಡದ ಮಹಡಿಗಳಲ್ಲಿ ಇನ್ನೊಂದು ಹೊಂಡ. ಬಿಲ್ಡರ್ ಬಾಯಲ್ಲಿ ‘ಜಿ ಪ್ಲಸ್ ಮೂರು’ ಎಂದದ್ದು ಇಲ್ಲಿ 4. ನೆಲ ಅಂತಸ್ತೂ ಲೆಕ್ಕಕ್ಕೆ ಸೇರುತ್ತದೆ, ನೆಲದಡಿಯ ಪಾರ್ಕಿಂಗ್ ಸೇರುವುದಿಲ್ಲ. ಹೆಂಚಿನ ಮನೆಗೆ ಛಾವಣಿಯ ಆಕಾರ ಕೇಳಿದಾಗ ಸುತ್ತು ಹಾಕಿ ನೋಡಿ: ನಾಲ್ಕೂ ಬದಿಗೆ ಇಳಿಜಾರಿದ್ದರೆ ಒಂದು ಚಿತ್ರ, ಎರಡೇ ಬದಿಗಿದ್ದು ಉಳಿದೆಡೆ ತ್ರಿಕೋನ ಗೋಡೆ ಎದ್ದಿದ್ದರೆ ಇನ್ನೊಂದು. ಗೇಟಿನ ಎದುರು ನಿಂತು ಊಹಿಸಿದ್ದು ಬಹುಪಾಲು ತಪ್ಪೇ. ಮಧ್ಯಾಹ್ನ ಬಾಗಿಲು ಹಾಕುವ ಅಂಗಡಿಗೆ ಒಂದೇ ದಿನಕ್ಕೆ ಎರಡು ಅವಧಿ ಸೇರಿಸಲು ಬರುತ್ತದೆ.

ಕೈ ಕೊಡುವುದೆಲ್ಲಿ? ಹೊಸ ರಸ್ತೆ ಎಳೆಯಲು ಇದರಲ್ಲಿ ಆಗದು. ಫೋಟೋ ಸಮೇತ ಟಿಪ್ಪಣಿ ಬಿಟ್ಟು, ಮನೆಯಲ್ಲಿ ಬ್ರೌಸರಿನಲ್ಲೇ ಈ ನಕ್ಷೆ ತಿದ್ದುವ ಸಾಧನವಾದ ಐಡಿ ಎಡಿಟರಿನಲ್ಲಿ ಎಳೆಯಬೇಕು. ಈಗಾಗಲೇ ಇರುವ ಹೆಸರಿಗೆ ಬೇರೆ ಭಾಷೆಯ ಹೆಸರು ಸೇರಿಸಲೂ ಅದೇ, ಇಲ್ಲವೇ ಫೋನಿನಲ್ಲೇ ನಕ್ಷೆ ತಿದ್ದುವ ವೆಸ್ಪುಚಿ ಆ್ಯಪ್. ಮಂಗಳೂರು ತುಳುವರಿಗೆ ಕುಡ್ಲ, ಕೊಂಕಣಿಗರಿಗೆ ಕೊಡಿಯಾಲ್, ಬ್ಯಾರಿಗಳಿಗೆ ಮೈಕಾಲ. ಇಂಥ ಊರಿನ ನಕ್ಷೆಯಲ್ಲಿ ಒಂದೇ ಹೆಸರು ಸಾಲದು. ಕನ್ನಡದ ಹೆಸರಿನ ಟ್ಯಾಗ್‌ಗೆ ‘ನೇಮ್’ ಆದಮೇಲೆ ಕೋಲನ್ ಹಾಕಿ ಕೆ-ಎನ್ (name:kn), ತುಳುವಿಗೆ ಟಿ-ಸಿ-ವೈ (name:tcy). ಬೋರ್ಡಿನಿಂದಲೋ ಜನರ ಬಾಯಿಂದಲೋ ಬಂದ ಹೆಸರನ್ನಷ್ಟೇ ಬರೆಯಿರಿ. ಗೂಗಲ್ ಮ್ಯಾಪ್ಸ್ ನೋಡಿ ನಕಲು ಹೊಡೆದರೆ ಅದು ಪರವಾನಗಿಯ ಉಲ್ಲಂಘನೆ, ಸೇರಿಸಿದ್ದೆಲ್ಲ ಅಳಿಸಿಹೋಗುತ್ತದೆ.

ತಂಡವಾಗಿ ಹೋಗುವವರಿಗೆ ಟೀಮ್ ಮೋಡ್ ಇದೆ: ತಂಡದ ಗಾತ್ರ ಎಲ್ಲರ ಫೋನಿನಲ್ಲೂ ಒಂದೇ ಇರಲಿ, ಸದಸ್ಯರ ಗುರುತು ಮಾತ್ರ ಬೇರೆಬೇರೆ. ಇಬ್ಬರು ಒಂದೇ ಗುರುತು ಆರಿಸಿದರೆ ಇಬ್ಬರಿಗೂ ಅದೇ ಪಿನ್ನುಗಳು ಬಂದು ನಡಿಗೆ ದಂಡ.

ಐದಕ್ಕೆ ನಾಲ್ಕು. ಮಳೆಗಾಲದಲ್ಲಿ ಮೂರೂವರೆ: ಒದ್ದೆ ಪರದೆಯ ಮೇಲೆ ಹನಿ ಬಿದ್ದರೂ ಉತ್ತರ ದಾಖಲಾದೀತು. ಅಂಥ ದಿನ ತಾನಾಗಿ ಅಪ್‌ಲೋಡ್ ಆಗುವುದನ್ನು ನಿಲ್ಲಿಸಿ, ಸೂರಿನಡಿ ನಿಂತು ಉತ್ತರಗಳನ್ನು ಒಮ್ಮೆ ನೋಡಿ, ಬೇಡದ್ದನ್ನು ಅಂಡೂ ಮಾಡಿ ಕಳಿಸಿ.