ಬುದ್ಧಿ ಹಲ್ಲು ತೆಗೆಸಿಕೊಂಡೆ: ನನಗೆ ಸಿಕ್ಕ ಚಿಕಿತ್ಸೆ ಹೇಗಿತ್ತು

ಕೆಳಗಿನ ಬಲಗಡೆಯ ಬುದ್ಧಿ ಹಲ್ಲು ತೆಗೆಸಿಕೊಂಡು ಈಗ ಪೂರ್ತಿ ವಾಸಿಯಾಗಿದೆ. ಡಾಕ್ಟರ್ ತೆಗೆಸಿ ಅಂದಮೇಲೂ ಹೆದರಿಕೊಂಡು ಮುಂದೂಡುತ್ತಿರುವವರು ಬಹಳ ಜನ ಇದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕ್ಲಿನಿಕ್ ಹೆಸರು ಹಾಕುತ್ತಿಲ್ಲ, ಯಾಕೆಂದರೆ ಅಲ್ಲಿ ಮೆಚ್ಚಿದ್ದೂ ಇದೆ, ಬೇಸರವಾದದ್ದೂ ಇದೆ.

ನನ್ನ ಹಲ್ಲು ಅರ್ಧ ಹೊರಗೆ ಬಂದು ಅರ್ಧ ಒಸಡಿನೊಳಗೇ ಉಳಿದಿತ್ತು. ಅದೂ ಓರೆಯಾಗಿ, ಮುಂದಿನ ದವಡೆ ಹಲ್ಲಿಗೆ ಒರಗಿಕೊಂಡು. ಮೇಲಿದ್ದ ಒಸಡಿನ ಪದರದ ಕೆಳಗೆ ಊಟದ ಚೂರು ಸೇರಿ ಪದೇ ಪದೇ ಬಾವು ಬರುತ್ತಿತ್ತು. ಮಾತ್ರೆ ತಗೊಂಡರೆ ಇಳಿಯುತ್ತಿತ್ತು, ಸ್ವಲ್ಪ ದಿನಕ್ಕೆ ಮತ್ತೆ ಅದೇ ಕಥೆ. ಇಂಥ ಹಲ್ಲನ್ನು ಇಟ್ಟುಕೊಂಡರೆ ಪಕ್ಕದ ಒಳ್ಳೆ ಹಲ್ಲಿಗೂ ಹುಳುಕು ಹಿಡಿಯಬಹುದು ಅಂತ ತಿಳಿದಮೇಲೆ ತೆಗೆಸುವುದು ಅಂತ ತೀರ್ಮಾನಿಸಿದೆ.

ಮೊದಲ ಭೇಟಿಗೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಬಾಯಿ ಮತ್ತು ದವಡೆ ಸರ್ಜನ್ ಒಬ್ಬರು ನೋಡಿದರು. ತಲೆಯ ಸುತ್ತ ತಿರುಗಿ ಇಡೀ ದವಡೆಯ ಚಿತ್ರ ತೆಗೆಯುವ ಒಪಿಜಿ ಎಕ್ಸ್‌ರೇ ಆಯಿತು. ಅದನ್ನು ಪರದೆ ಮೇಲೆ ಹಾಕಿ, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿದರು. ಕೆಳ ದವಡೆಯ ಮೂಳೆಯೊಳಗೆ ಒಂದು ನರ ಹೋಗುತ್ತದೆ. ಕೆಳತುಟಿಗೂ ಗದ್ದಕ್ಕೂ ಸ್ಪರ್ಶ ಕೊಡುವುದು ಅದೇ. ನನ್ನ ಹಲ್ಲಿನ ಬೇರು ಆ ನರದ ಹತ್ತಿರವೇ ಇತ್ತು. ಎಷ್ಟು ಹತ್ತಿರ ಅನ್ನುವುದು ಒಪಿಜಿಯಲ್ಲಿ ಸರಿಯಾಗಿ ಕಾಣುವುದಿಲ್ಲ ಅಂತ, ದವಡೆಯ 3ಡಿ ಚಿತ್ರ ಕೊಡುವ ಸಿಬಿಸಿಟಿ ಸ್ಕ್ಯಾನ್ ಕೂಡ ಮಾಡಿಸಿದರು.

ನಾನು ಮಕ್ಕಳಿಗೆ ಪಾಠ ಹೇಳುವವಳು. ತುಟಿ ಜೋಮು ಹಿಡಿದರೆ ನನ್ನ ಕೆಲಸ ಹೇಗೆ ನಡೆಯಬೇಕು? ಹಾಗೇ ಕೇಳಿದೆ. ಅವರು ಏನೂ ಆಗಲ್ಲ ಬಿಡಿ ಅನ್ನಲಿಲ್ಲ. ಜೋಮು ಉಳಿದರೂ ಹೆಚ್ಚಿನವರಿಗೆ ಕೆಲವು ವಾರ ಅಥವಾ ತಿಂಗಳಲ್ಲಿ ಹೋಗುತ್ತದೆ, ಅಪರೂಪಕ್ಕೆ ಶಾಶ್ವತವಾಗಿ ಉಳಿಯುತ್ತದೆ ಅಂತ ನೇರವಾಗಿ ಹೇಳಿದರು. ಆ ಮಾತಿನಿಂದ ನನ್ನ ಭಯ ಜಾಸ್ತಿ ಆಗಲಿಲ್ಲ, ಕಡಿಮೆಯಾಯಿತು. ರಕ್ತ ತೆಳುವಾಗುವ ಮಾತ್ರೆ, ಸಕ್ಕರೆ ಕಾಯಿಲೆ, ಮೂಳೆ ಸವೆತಕ್ಕೆ ತಗೊಳ್ಳುವ ಔಷಧಿ, ಅಲರ್ಜಿ, ಗರ್ಭ, ಎಲ್ಲವನ್ನೂ ವಿಚಾರಿಸಿದರು. ನಿಮ್ಮ ಡಾಕ್ಟರ್ ಕೇಳದಿದ್ದರೆ ನೀವೇ ಹೇಳಿಬಿಡಿ.

ಹಲ್ಲು ತೆಗೆದ ದಿನ ಅಂದುಕೊಂಡಷ್ಟು ಕಷ್ಟ ಇರಲಿಲ್ಲ. ಆ ಜಾಗಕ್ಕೆ ಮಾತ್ರ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟರು. ಅದು ಚುರ್ ಅನ್ನುತ್ತದೆ. ಔಷಧಿಯಲ್ಲಿ ಅಡ್ರಿನಲಿನ್ ಇರುವುದರಿಂದ ಒಂದೆರಡು ನಿಮಿಷ ಎದೆ ಜೋರಾಗಿ ಬಡಿದುಕೊಳ್ಳಬಹುದು ಅಂತ ಮೊದಲೇ ಹೇಳಿದ್ದರು, ಹಾಗೇ ಆಯಿತು. "ಒತ್ತುವುದು, ಎಳೆಯುವುದು ಗೊತ್ತಾಗುತ್ತದೆ. ನೋವು ಗೊತ್ತಾಗಬಾರದು. ನೋವಾದರೆ ಎಡಗೈ ಎತ್ತಿ" ಅಂದರು. ಮಧ್ಯೆ ಸ್ವಲ್ಪ ಚುಚ್ಚಿದಂತಾಗಿ ಕೈ ಎತ್ತಿದೆ. ತಕ್ಷಣ ನಿಲ್ಲಿಸಿ ಇನ್ನಷ್ಟು ಔಷಧಿ ಕೊಟ್ಟರು. ಒಸಡು ಬಿಡಿಸಿ, ಸುತ್ತಲಿನ ಮೂಳೆ ಸ್ವಲ್ಪ ಕೊರೆದು, ಹಲ್ಲನ್ನು ತುಂಡು ಮಾಡಿ ಹೊರಗೆ ತೆಗೆದರು. ಆಮೇಲೆ ಹೊಲಿಗೆ. ನಿಜವಾಗಿ ಸಹಿಸಬೇಕಾಗಿದ್ದು ಶಬ್ದವನ್ನು. ಹಲ್ಲು ಒಡೆಯುವ ಟಕ್ ಅನ್ನುವ ಸದ್ದು ತಲೆಯೊಳಗೇ ಕೇಳಿಸುತ್ತದೆ. ಆ ಸದ್ದಿಗೂ ಮುಂಚೆ "ಈಗ ಒಂದು ಶಬ್ದ ಬರುತ್ತೆ" ಅಂತ ಎಚ್ಚರಿಸಿದರು. ಇದು ಸಣ್ಣ ವಿಷಯ ಅಲ್ಲ.

ಬೇಸರವಾಗಿದ್ದು ಆಮೇಲೆ. ಮನೆಯಲ್ಲಿ ಏನು ಮಾಡಬೇಕು ಅನ್ನುವ ಚೀಟಿ ಕೊಟ್ಟಿದ್ದು ನನ್ನ ಬಾಯಿ ತುಂಬ ಹತ್ತಿಬಟ್ಟೆ ಇದ್ದಾಗ. ಸಹಾಯಕರು ಗಡಿಬಿಡಿಯಲ್ಲಿ ಓದಿ ಮುಗಿಸಿದರು. ಪ್ರಶ್ನೆ ಕೇಳೋಣ ಅಂದರೆ ಬಾಯಿ ಇಲ್ಲ! ಸಂಜೆ ಫೋನ್ ಮಾಡಿದರೆ ಬಹಳ ಹೊತ್ತು ಯಾರೂ ಎತ್ತಲಿಲ್ಲ. ಇದೆಲ್ಲ ಹಿಂದಿನ ದಿನವೇ ಹೇಳಬೇಕಾದ ಮಾತು, ಅಲ್ವಾ? ಅವರು ಮೊದಲೇ ಹೇಳಬೇಕಿದ್ದದ್ದನ್ನು ನಾನು ಹೇಳುತ್ತೇನೆ.

ಹತ್ತಿಬಟ್ಟೆಯನ್ನು ಅರ್ಧ ಗಂಟೆಯಾದರೂ ಗಟ್ಟಿಯಾಗಿ ಕಚ್ಚಿ ಹಿಡಿಯಬೇಕು. ಮೊದಲ ದಿನ ಎಂಜಲು ಕೆಂಪಗಿರುತ್ತದೆ, ಅದಕ್ಕೆ ಹೆದರಬೇಡಿ. ಆದರೆ ರಕ್ತ ಬಾಯಿ ತುಂಬಿ ಬರುತ್ತಿದ್ದರೆ, ಮತ್ತೆ ಕಚ್ಚಿ ಹಿಡಿದರೂ ನಿಲ್ಲದಿದ್ದರೆ ಕೂಡಲೇ ಹೋಗಿ. ಉಗುಳಬೇಡಿ, ಸ್ಟ್ರಾ ಹಾಕಿ ಹೀರಬೇಡಿ, ಸಿಗರೇಟು ಬೇಡವೇ ಬೇಡ. ಹಲ್ಲಿದ್ದ ಗುಳಿಯಲ್ಲಿ ರಕ್ತ ಹೆಪ್ಪುಗಟ್ಟಿ ಕೂರುತ್ತದೆ. ಮೊಣಕಾಲಿನ ಗಾಯದ ಮೇಲೆ ಕಟ್ಟುವ ಹಕ್ಕಳೆಯ ಹಾಗೆ ಅದು ಕೆಳಗಿನ ಮೂಳೆಯನ್ನು ಕಾಯುತ್ತದೆ. ಅದು ಕಿತ್ತುಬಂದರೆ ಡ್ರೈ ಸಾಕೆಟ್ ಆಗುತ್ತದೆ. ಕಡಿಮೆಯಾಗುತ್ತಿದ್ದ ನೋವು ಮೂರನೇ, ನಾಲ್ಕನೇ ದಿನದ ಹೊತ್ತಿಗೆ ಜೋರಾಗಿ ಕಿವಿಯವರೆಗೂ ಹಬ್ಬಿದರೆ, ಮಾತ್ರೆಗೂ ಜಗ್ಗದಿದ್ದರೆ ಅದೇ ಇರಬಹುದು. ಡಾಕ್ಟರ್ ಗುಳಿ ತೊಳೆದು ಔಷಧಿ ಇಟ್ಟರೆ ಬೇಗ ಹಿಡಿತಕ್ಕೆ ಬರುತ್ತದೆ. ಸುಮ್ನೆ ಸಹಿಸಿಕೊಂಡು ಕೂರಬೇಡಿ.

ಊತ ಮಾರನೇ ದಿನ ಇಳಿಯುವುದಿಲ್ಲ, ಏರುತ್ತದೆ. 48ರಿಂದ 72 ಗಂಟೆ ಹೊತ್ತಿಗೆ ಜಾಸ್ತಿಯಾಗಿ ಆಮೇಲೆ ಇಳಿಯುತ್ತದೆ. ಇದು ಗೊತ್ತಿಲ್ಲದವರು ಕೀವಾಯಿತೇನೋ ಅಂತ ಗಾಬರಿಯಾಗುತ್ತಾರೆ. ಮೊದಲ ದಿನ ಕೆನ್ನೆಗೆ ಹೊರಗಿನಿಂದ ಬಟ್ಟೆ ಸುತ್ತಿದ ಐಸ್ ಇಡಿ. 24 ಗಂಟೆ ಆದಮೇಲೆ ಉಗುರುಬೆಚ್ಚಗಿನ ಉಪ್ಪುನೀರಿನಿಂದ ಮೆಲ್ಲಗೆ ಬಾಯಿ ತೊಳೆಯಿರಿ. ಡಾಕ್ಟರ್ ಬರೆದುಕೊಟ್ಟ ನೋವಿನ ಮಾತ್ರೆಯನ್ನು ಜೋಮು ಇಳಿಯುವ ಮೊದಲೇ ತಗೊಂಡರೆ ಒಳ್ಳೆಯದು. ಜೋಮು ಇರುವಾಗ ಬಿಸಿ ಏನೂ ಬಾಯಿಗೆ ಹಾಕಬೇಡಿ, ತುಟಿ ಸುಟ್ಟರೂ ಗೊತ್ತಾಗಲ್ಲ. ಬಾಯಿ ಕೆಲ ದಿನ ಸರಿಯಾಗಿ ತೆರೆಯುವುದಿಲ್ಲ, ದವಡೆಯ ಸ್ನಾಯು ಬಿಗಿದುಕೊಂಡಿರುತ್ತದೆ. ತರಗತಿಗೆ ವಾಪಸ್ ಹೋದಾಗ ನನಗೆ ಜೋರಾಗಿ ಮಾತಾಡಲು ಆಗುತ್ತಿರಲಿಲ್ಲ. ಮಾತಾಡುವ ಕೆಲಸ ಇರುವವರು ಒಂದು ವಾರ ರಜೆ ಇಟ್ಟುಕೊಳ್ಳಿ.

ಹೊಲಿಗೆ ಬಿಚ್ಚಲು ಹೋದಾಗ ಡಾಕ್ಟರ್ ಮತ್ತೆ ಸಮಾಧಾನವಾಗಿ ಕೂರಿಸಿ ಮಾತಾಡಿದರು. ಗುಳಿಯಲ್ಲಿ ಊಟ ಸಿಕ್ಕಿಕೊಳ್ಳುತ್ತದೆ ಅಂದಾಗ ತುದಿ ಬಾಗಿದ, ಸೂಜಿ ಇಲ್ಲದ ಸಿರಿಂಜ್ ಕೊಟ್ಟು ನೀರು ಹಾಯಿಸುವುದು ಹೇಳಿಕೊಟ್ಟರು. ಒಸಡು ಮುಚ್ಚಲು ವಾರಗಳು, ಒಳಗೆ ಮೂಳೆ ತುಂಬಲು ತಿಂಗಳುಗಳು ಬೇಕು. ತುಟಿಯ ಸ್ಪರ್ಶ ಪೂರ್ತಿ ಇದೆ.

ಎಡಗಡೆಯದನ್ನೂ ಹೀಗೇ ತೆಗೆಯಬೇಕಾ ಅಂತ ಕೇಳಿದೆ. ಅದು ನೆಟ್ಟಗೆ ಬಂದಿದೆ, ಬ್ರಷ್ ತಲುಪುತ್ತದೆ, ತೊಂದರೆ ಕೊಡದ ಹಲ್ಲನ್ನು ಯಾಕೆ ಮುಟ್ಟಬೇಕು, ಆಗಾಗ ತೋರಿಸಿಕೊಳ್ಳಿ ಸಾಕು ಅಂದರು. ಫೋನ್ ಎತ್ತದ ಕ್ಲಿನಿಕ್ ಆದರೂ ಈ ಡಾಕ್ಟರ್ ಹತ್ತಿರ ನಾನು ಮತ್ತೆ ಹೋಗುತ್ತೇನೆ.