ಎರಡನೇ ಗೇಟು, ಗೋಡೆ ಮೇಲೆ ಜಾಳಿ: ನಾಯಿ ಇರುವ ಮನೆಗೆ ಮಾಡಿಸಿದ ಕೆಲಸ ಹೇಗಿದೆ?

ಮೊದಲೇ ಹೇಳಿಬಿಡುತ್ತೇನೆ, ಕೊಟ್ಟ ದುಡ್ಡಿಗೆ ಮೋಸವಿಲ್ಲ. ಮಕ್ಕಳು ಸದಾ ಓಡಾಡುವ ಓಣಿಯಲ್ಲಿ ನೀವು ನಾಯಿ ಸಾಕಿದ್ದರೆ ಬೇರೆ ಖರ್ಚು ಪಕ್ಕಕ್ಕಿಟ್ಟು ಮೊದಲು ಇದನ್ನು ಮಾಡಿಸಿ. ಆದರೆ ವೆಲ್ಡಿಂಗ್ ಅಂಗಡಿಗೆ ಹೋಗಿ 'ಒಂದು ಗೇಟು ಬೇಕು' ಅಂತ ಸುಮ್ನೆ ಹೇಳಿ ಬಂದರೆ ಕೆಲಸ ಕೆಡುತ್ತದೆ. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ನಮ್ಮದು ಧಾರವಾಡ. ಮನೆಯಲ್ಲಿರುವುದು ಮುಧೋಳ ತಳಿಯ ಹೆಣ್ಣು ನಾಯಿ, ರಾಣಿ. ಈ ತಳಿ ಅಂದರೆ ನಮ್ಮ ಕಡೆ ಎಲ್ಲರಿಗೂ ಹೆಮ್ಮೆ. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರವಿರುವ ಅಂಚೆಚೀಟಿ ತಂದಿತ್ತು. ಆದರೆ ಇದು ಬೇಟೆನಾಯಿ, ಕಣ್ಣಿಗೆ ಬಿದ್ದದ್ದನ್ನು ಅಟ್ಟಿಕೊಂಡು ಹೋಗುವ ನಾಯಿ ಅನ್ನುವುದು ಎಷ್ಟೋ ಜನರಿಗೆ ನೆನಪಿರುವುದಿಲ್ಲ. ಎದುರಿಗೆ ಏನಾದರೂ ಓಡಿದರೆ ಇದೂ ಓಡುತ್ತದೆ. ಅದು ಬೆಕ್ಕಾಗಿರಬಹುದು, ಕಿರುಚುತ್ತಾ ಓಡುವ ಆರು ವರ್ಷದ ಹುಡುಗನಾಗಿರಬಹುದು. ಕಚ್ಚುವ ಉದ್ದೇಶವೇ ಇರಬೇಕೆಂದಿಲ್ಲ. ಆದರೆ ಓಡುವ ಮಗುವಿಗೂ ಅದರ ತಾಯಿಗೂ ಅದು ಹೇಗೆ ಗೊತ್ತಾಗಬೇಕು, ಅಲ್ವಾ?

ನಮ್ಮ ಪಕ್ಕದ ಮನೆಯಲ್ಲಿ ಸಂಜೆ ಟ್ಯೂಷನ್ ನಡೆಯುತ್ತದೆ. ಒಂದು ಬ್ಯಾಚ್ ಮುಗಿದು ಇನ್ನೊಂದು ಶುರುವಾಗುವ ತನಕ ಹುಡುಗರೆಲ್ಲ ನಮ್ಮ ಗೇಟಿನ ಮುಂದೆಯೇ. ನೋಡಿಕೊಳ್ಳುವವರು ಯಾರೂ ಇರುವುದಿಲ್ಲ. ಒಬ್ಬ ಗೇಟಿನ ಸರಳುಗಳ ಮೇಲೆ ಸ್ಕೇಲು ಎಳೆದು ಟರ್ರ್ ಎನ್ನಿಸುತ್ತಾನೆ. ಇನ್ನೊಬ್ಬ ಬಿಸ್ಕತ್ತು ತೋರಿಸಿ ಕೈ ಹಿಂದೆ ಎಳೆದುಕೊಳ್ಳುತ್ತಾನೆ. ಚೆಂಡು ಒಳಗೆ ಬಿದ್ದರೆ ಚಿಲಕ ತೆಗೆದು ತಾವೇ ಬರುತ್ತಾರೆ, ಹೋಗುವಾಗ ಹಾಕುವುದಿಲ್ಲ. ರಾಣಿ ಮೊದಲು ಮುಖ ತಿರುಗಿಸುತ್ತಾಳೆ, ನಾಲಿಗೆಯಿಂದ ಮೂಗು ನೆಕ್ಕಿಕೊಳ್ಳುತ್ತಾಳೆ, ನಿದ್ದೆ ಬರದಿದ್ದರೂ ಆಕಳಿಸುತ್ತಾಳೆ. 'ಸಾಕು, ಬಿಡಿ' ಅಂತ ನಾಯಿ ಹೇಳುವುದು ಹೀಗೆ. ಯಾರೂ ಕೇಳದಿದ್ದಾಗ ಗುರ್ ಅನ್ನುತ್ತದೆ. ಜನರ ಕಿವಿಗೆ ಬೀಳುವುದು ಆ ಗುರ್ ಮಾತ್ರ.

ಒಂದು ಸಂಜೆ ಚೆಂಡಿಗಾಗಿ ಒಳಗೆ ಬಂದ ಹುಡುಗ ರಾಣಿಯನ್ನು ಕಂಡು ಓಡಿದ. ಅವಳೂ ಓಡಿದಳು. ಅವನು ಬಿದ್ದು ಮೊಣಕಾಲು ತರಚಿತು. ಹಲ್ಲು ತಾಗಿರಲಿಲ್ಲ. ಆದರೂ ಓಣಿಯೆಲ್ಲ 'ನಾಯಿ ಕಡೀತು' ಅಂತ ಸುದ್ದಿಯಾಯಿತು. ಮಕ್ಕಳನ್ನು ಸ್ವಲ್ಪ ಒಳಗೆ ಕೂರಿಸಿಕೊಳ್ಳಿ ಎಂದು ಪಕ್ಕದ ಮನೆಯವರನ್ನು ಕೇಳಿದೆ. "ಅವು ಸಣ್ಣ ಹುಡುಗ್ರು ಅದಾವ್ರಿ, ಅವಕ್ಕೇನ್ ತಿಳಿತೈತಿ? ನೀವ ನಾಯಿ ಕಟ್ಟಿ ಹಾಕ್ರಿ" ಎಂಬ ಉತ್ತರ ಬಂತು.

ಕಟ್ಟಿ ಹಾಕುವುದು ಪರಿಹಾರವೇ ಅಲ್ಲ. ಸರಪಳಿಯಲ್ಲಿರುವ ನಾಯಿಗೆ ದೂರ ಸರಿಯುವ ದಾರಿ ಇರುವುದಿಲ್ಲ. ಹೆದರಿದಾಗ ಅದಕ್ಕೆ ಉಳಿಯುವುದು ಹಲ್ಲು ಮಾತ್ರ. ಗಿಡ್ಡ ಸರಪಳಿಯಲ್ಲಿ ಹೊತ್ತುಗಟ್ಟಲೆ ಕಟ್ಟಿ ಹಾಕುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರವೂ ತಪ್ಪು. 'ನಾಯಿ ಇದೆ ಎಚ್ಚರಿಕೆ' ಬೋರ್ಡು ನಮ್ಮಲ್ಲಿ ಮೊದಲಿನಿಂದ ಇತ್ತು. ಹುಡುಗರು ಅದನ್ನು ಓದಿಯೇ ನಾಯಿ ನೋಡಲು ನಿಲ್ಲುತ್ತಿದ್ದರು. ಆನ್‌ಲೈನಿನಲ್ಲಿ ಸಿಗುವ, ಗೋಡೆಗೆ ಒತ್ತಿ ನಿಲ್ಲಿಸುವ ಮಕ್ಕಳ ಗೇಟುಗಳನ್ನೂ ನೋಡಿದೆ. ಎರಡೂವರೆ ಅಡಿ ಎತ್ತರದ ಅವು ಮುಧೋಳ ನಾಯಿಗೆ ಲೆಕ್ಕಕ್ಕೇ ಇಲ್ಲ.

ಕೊನೆಗೆ ಹಳಿಯಾಳ ನಾಕಾ ಕಡೆಯ ಒಂದು ಫ್ಯಾಬ್ರಿಕೇಶನ್ ಅಂಗಡಿಗೆ ಹೋದೆ. ಅಲ್ಲಿನ ಮಿಸ್ತ್ರಿ ಮನೆಗೆ ಬಂದು, ಟೇಪು ಬಿಚ್ಚುವ ಮೊದಲು ರಾಣಿಯನ್ನು ನೋಡಿದರು. "ಅಕ್ಕಾರ, ಇದು ಎಷ್ಟ್ ಎತ್ತರ ಜಿಗಿತೈತ್ರಿ? ಮೊದಲ ಅದನ್ನ ಹೇಳ್ರಿ" ಅಂದರು. ನನಗೆ ಅಲ್ಲೇ ಅರ್ಧ ಧೈರ್ಯ ಬಂತು.

ಕೆಲಸ ಇಷ್ಟು. ಬೀದಿಯ ಗೇಟಿನಿಂದ ಒಳಗೆ ಐದು ಅಡಿ ಬಿಟ್ಟು, ಕಾಂಪೌಂಡಿನ ಅಗಲಕ್ಕೂ ಐದೂವರೆ ಅಡಿ ಎತ್ತರದ ಒಂದು ಅಡ್ಡ ತಡೆ. ಅದರಲ್ಲೇ ಮೂರೂವರೆ ಅಡಿ ಅಗಲದ ಒಳಗೇಟು. ಪಕ್ಕದ ಗೋಡೆಯ ಮೇಲೆ ಎರಡು ಅಡಿ ಜಾಳಿ. ಈಗ ಹೊರಗೇಟು ಯಾರು ತೆಗೆದರೂ, ತೆಗೆದು ಹಾಗೇ ಬಿಟ್ಟು ಹೋದರೂ ನಾಯಿಗೂ ಬೀದಿಗೂ ನಡುವೆ ಒಂದು ಬಾಗಿಲು ಇದ್ದೇ ಇರುತ್ತದೆ. ಹಾಲಿನವರು, ಕೊರಿಯರಿನವರು, ಮೀಟರು ನೋಡುವವರು ಆ ಐದು ಅಡಿಯಲ್ಲೇ ಕೆಲಸ ಮುಗಿಸಿ ಹೋಗುತ್ತಾರೆ. ಚೆಂಡೂ ಹೆಚ್ಚಾಗಿ ಅಲ್ಲೇ ಬೀಳುತ್ತದೆ. ನನಗೆ ಬೇಕಿದ್ದದ್ದು ಇದೇ: ನೆರೆಯವರು ಒಳ್ಳೆಯವರಾಗುವ ತನಕ ಕಾಯದೆ ನನ್ನ ನಾಯಿ ಸುರಕ್ಷಿತವಾಗಿರಬೇಕು.

ಒಳಗೇಟಿನ ಬಗ್ಗೆ ಮಿಸ್ತ್ರಿ ಹೇಳಿದ ಒಂದು ಮಾತು ನೂರು ರೂಪಾಯಿದು. "ಬಾಗಲಾ ನಾಯಿ ಕಡೆನ ತೆಗೀಬೇಕ್ರಿ. ಅದು ದೂಡಿದಷ್ಟೂ ಬಾಗಲಾ ಗಟ್ಟಿ ಮುಚ್ಚತೈತಿ." ನಿಜ. ಹೊರಗಡೆಗೆ ತೆರೆಯುವ ಗೇಟಾಗಿದ್ದರೆ ನಾಯಿ ಎರಡು ಕಾಲು ಕೊಟ್ಟು ಒತ್ತಿದಾಗ ಭಾರವೆಲ್ಲ ಚಿಲಕದ ಮೇಲೆ ಬೀಳುತ್ತದೆ. ಒಳಗಡೆಗೆ ತೆರೆಯುವುದಾದರೆ ಚೌಕಟ್ಟೇ ತಡೆಯುತ್ತದೆ. ಇದರ ಜೊತೆ ಸ್ಪ್ರಿಂಗ್ ಇರುವ ಕೀಲು ಹಾಕಿಸಿದ್ದೇವೆ, ಬಿಟ್ಟರೆ ತಾನೇ ಮುಚ್ಚಿಕೊಳ್ಳುತ್ತದೆ. ಚಿಲಕ ನಾಯಿಯ ಕಡೆ, ಮೇಲ್ತುದಿಯಲ್ಲಿ ಇದೆ. ನಾವು ಮೇಲಿನಿಂದ ಕೈ ಹಾಕಿ ತೆಗೆಯುತ್ತೇವೆ, ಮಕ್ಕಳ ಕೈಗೆ ಎಟುಕುವುದಿಲ್ಲ. ನಮ್ಮ ಅತ್ತೆಯವರಿಗೆ ಅಷ್ಟು ಮೇಲೆ ಕೈ ಎತ್ತುವುದು ಕಷ್ಟ. ಅವರಿಗಾಗಿ ಚಿಲಕಕ್ಕೆ ಒಂದು ಕಡ್ಡಿ ಬೆಸುಗೆ ಹಾಕಿಸಿ, ಒಳಗಿನಿಂದ ಎಳೆಯುವ ಹಾಗೆ ಮಾಡಿಸಿದೆವು.

ಈಗ ಜಾಳಿಯ ಮಾತು. ಅಂಗಡಿಯವರು ಮೊದಲು ತೋರಿಸುವುದು ಎರಡು ಇಂಚಿನ ಕಣ್ಣಿನ ವೆಲ್ಡ್ ಮೆಶ್. ಅಗ್ಗ, ಆದರೆ ಬೇಡ. ಸಣ್ಣ ಮಗುವಿನ ಕೈ ಅದರೊಳಗೆ ಸಲೀಸಾಗಿ ಹೋಗುತ್ತದೆ. ನಾವು ಅರ್ಧ ಇಂಚಿನದು ಹಾಕಿಸಿದೆವು. ಪೆನ್ಸಿಲು ತೂರಬಹುದು, ಕೈ ತೂರುವುದಿಲ್ಲ, ನಾಯಿಯ ಮೂತಿಯೂ ಹೊರಗೆ ಬರುವುದಿಲ್ಲ. ಗೇಜ್, ಅಂದರೆ ತಂತಿಯ ದಪ್ಪದ ನಂಬರು, ಕೇಳುವಾಗ ಒಂದು ನೆನಪಿರಲಿ, ನಂಬರು ಹೆಚ್ಚಾದಷ್ಟೂ ತಂತಿ ತೆಳ್ಳಗೆ. 10 ಗೇಜ್ ಅಂದರೆ ಮೂರು ಮಿಲಿಮೀಟರಿಗಿಂತ ದಪ್ಪ, 14 ಗೇಜ್ ಎರಡು ಮಿಲಿಮೀಟರು. '14 ಹಾಕ್ತೀನಿ, ಜಾಸ್ತಿ ನಂಬರು' ಅಂತ ಯಾರಾದರೂ ಹೇಳಿದರೆ ಖುಷಿಪಡಬೇಡಿ.

ಒಳಗೇಟಿನ ಮತ್ತು ಅಡ್ಡ ತಡೆಯ ಕೆಳಗಿನ ಮೂರು ಅಡಿ ಜಾಳಿ ಅಲ್ಲ, ತಗಡು. ಇದು ನಾನು ಹಟ ಹಿಡಿದು ಮಾಡಿಸಿದ್ದು. ಹೊರಗಿನ ಕಾಲುಗಳು, ಚೆಂಡು, ಸೈಕಲ್ಲು ಕಾಣಿಸುತ್ತಲೇ ಇದ್ದರೆ ನಾಯಿ ದಿನವಿಡೀ ಬೇಲಿಯ ಉದ್ದಕ್ಕೂ ಓಡುತ್ತಾ ಬೊಗಳುತ್ತದೆ. ಕಾಣಿಸದಿದ್ದರೆ ಅರ್ಧ ಗಲಾಟೆ ತಾನೇ ಕಡಿಮೆ. ರಾಣಿಯಲ್ಲಿ ಈ ಬದಲಾವಣೆ ನನಗೆ ಬೇಗನೇ ಕಾಣಿಸಿತು. ಟ್ಯೂಷನ್ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ಹೋಗಿ ನಿಲ್ಲುತ್ತಿದ್ದವಳು ಈಗ ಪೇರಲ ಗಿಡದ ಕೆಳಗೆ ಮಲಗಿ ಕಿವಿ ಮಾತ್ರ ಎತ್ತುತ್ತಾಳೆ. ದೀಪಾವಳಿಯಲ್ಲೂ ಈ ತಗಡು ಕಾಪಾಡಿತು. ಹಿಂದೆ ಹುಡುಗರು ಗೇಟಿನ ಸಂದಿಯಿಂದ ಪಟಾಕಿ ಉರುಳಿಸುತ್ತಿದ್ದರು. ಈ ಸಲ ಒಳಗೆ ಒಂದೂ ಬರಲಿಲ್ಲ. ಶಬ್ದದ ಹೆದರಿಕೆ ಬೇರೆ ಮಾತು, ಅದಕ್ಕೆ ಅವಳನ್ನು ಒಳಕೋಣೆಯಲ್ಲಿ ಫ್ಯಾನ್ ಹಾಕಿ ಕೂರಿಸಿಕೊಳ್ಳಲೇಬೇಕು.

ಕೊರತೆಗಳೂ ಇವೆ. ಹೇಳಿದ ದಿನಕ್ಕೆ ಕೆಲಸ ಆಗಲಿಲ್ಲ, ಫೋನ್ ಮಾಡಿ ಮಾಡಿ ಸಾಕಾಯಿತು. ಒಳಗೇಟಿನ ಕೆಳಗೆ ನಾಲ್ಕು ಇಂಚು ಸಂದಿ ಬಿಟ್ಟಿದ್ದರು, ರಾಣಿ ಮೂತಿ ತೂರಿಸಿ ಹೊರಗೆ ನೋಡುತ್ತಿದ್ದಳು. ಹೇಳಿದ ಮೇಲೆ ಪಟ್ಟಿ ಬೆಸೆದು ಒಂದೂವರೆ ಇಂಚಿಗೆ ತಂದರು, ಅದಕ್ಕೆ ದುಡ್ಡು ಕೇಳಲಿಲ್ಲ. ಜಾಳಿಯ ಅಂಚಿನಲ್ಲಿ ಕತ್ತರಿಸಿದ ತಂತಿಯ ಚೂಪು ತುದಿಗಳು ಹಾಗೇ ಇದ್ದವು. ನಾಯಿಯ ಮೂಗಿಗೂ ಮಗುವಿನ ಬೆರಳಿಗೂ ಅವು ಒಂದೇ ರೀತಿ ಗಾಯ ಮಾಡುತ್ತವೆ. ಗ್ರೈಂಡಿಂಗ್ ಮಾಡಿಸಿ, ಅಂಚಿಗೆ ಪಟ್ಟಿ ಹೊಡೆಸಿಯೇ ಉಳಿದ ದುಡ್ಡು ಕೊಡಿ. ಇನ್ನೊಂದು, ಜಿ.ಐ. ಜಾಳಿ, ಅಂದರೆ ಸತು ಲೇಪಿಸಿದ ಕಬ್ಬಿಣದ ಜಾಳಿ, ತುಕ್ಕು ಹಿಡಿಯುವುದಿಲ್ಲ ಅನ್ನುತ್ತಾರೆ. ಆದರೆ ಬೆಸುಗೆ ಹಾಕಿದ ಜಾಗದಲ್ಲಿ ಸತುವಿನ ಲೇಪ ಸುಟ್ಟುಹೋಗಿರುತ್ತದೆ. ಧಾರವಾಡದ ಮಳೆಗೆ ಮೊದಲು ತುಕ್ಕು ಹಿಡಿದದ್ದು ಅಲ್ಲೇ. ಬಣ್ಣ ಹೊಡೆಯುವ ಮೊದಲು ಆ ಜಾಗಕ್ಕೆ ಪ್ರೈಮರ್ ಸರಿಯಾಗಿ ಹಾಕಿದ್ದಾರಾ ಅಂತ ಎದುರಿಗೆ ನಿಂತು ನೋಡಿ.

ಗೋಡೆಯ ಮೇಲಿನ ಜಾಳಿ ಏನು ಮಾಡುವುದಿಲ್ಲ ಅನ್ನುವುದನ್ನೂ ಹೇಳಬೇಕು. ಹುಡುಗರು ಗೋಡೆ ಹತ್ತಿ ಕೂರುವುದು ನಿಂತಿದೆ, ಕೈ ಚಾಚಿ ತಿನ್ನಿಸುವುದು ನಿಂತಿದೆ. ಆದರೆ ಮೇಲಿನಿಂದ ಎಸೆಯುವವರನ್ನು ಅದು ತಡೆಯುವುದಿಲ್ಲ. ನಮ್ಮ ಓಣಿಯಲ್ಲಿ ಉಳಿದ ಊಟವನ್ನು 'ಪಾಪ, ನಾಯಿಗಾಯ್ತು' ಅಂತ ಎಸೆಯುವ ಹಿರಿಯರೂ ಇದ್ದಾರೆ. ಅವರ ಮನಸ್ಸು ಒಳ್ಳೆಯದೇ. ಆದರೆ ಬೇಯಿಸಿದ ಕೋಳಿ ಮೂಳೆ ಸೀಳಿ ಗಂಟಲಲ್ಲೋ ಕರುಳಲ್ಲೋ ಚುಚ್ಚಬಹುದು. ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಮೂತ್ರಪಿಂಡ ಕೆಡಿಸಬಲ್ಲವು. ಉಳ್ಳಾಗಡ್ಡಿ, ಬೆಳ್ಳುಳ್ಳಿ ರಕ್ತಕ್ಕೆ ಕೆಟ್ಟದ್ದು, ಚಾಕೊಲೇಟ್ ವಿಷ. ಇದನ್ನು ಒಂದು ಕಾಗದದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಹೊರಗೇಟಿಗೆ ಅಂಟಿಸಿದ್ದೇನೆ. ಜೊತೆಗೆ ಬೆಳಿಗ್ಗೆ ರಾಣಿಯನ್ನು ಬಿಡುವ ಮೊದಲು ಅಂಗಳ ಒಂದು ಸುತ್ತು ನೋಡಿಬರುತ್ತೇನೆ. ಇದಕ್ಕೆ ಯಾವ ಜಾಳಿಯೂ ಬದಲಿ ಅಲ್ಲ.

ಹುಡುಗ ಬಿದ್ದ ದಿನ ಅವರ ಮನೆಯವರು ಪೊಲೀಸ್ ಮಾತು ತೆಗೆದಿದ್ದರು. ಆಗ ಕಾನೂನು ತಿಳಿದುಕೊಂಡೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಪ್ರಕಾರ, ಜನರಿಗೆ ಅಪಾಯವಾಗದಂತೆ ತನ್ನ ಪ್ರಾಣಿಯನ್ನು ನೋಡಿಕೊಳ್ಳದ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಅದೇ ಸಂಹಿತೆಯ 325ನೇ ಕಲಂ ಪ್ರಾಣಿಗೆ ವಿಷ ಹಾಕುವವರಿಗೆ, ಕೊಲ್ಲುವವರಿಗೆ, ಅಂಗ ಊನ ಮಾಡುವವರಿಗೆ ಐದು ವರ್ಷದವರೆಗೆ ಜೈಲು ಹೇಳುತ್ತದೆ. ಅಂದರೆ ಕಾನೂನು ನಮ್ಮ ಮೇಲೂ ಹೊಣೆ ಇಟ್ಟಿದೆ. ಗೇಟಿಗೆ ಸುರಿದ ದುಡ್ಡು ಆ ಹೊಣೆಗೂ ಹೌದು. ರಾಣಿಯ ರೇಬೀಸ್ ಲಸಿಕೆಯ ಕಾರ್ಡಿನ ಝೆರಾಕ್ಸ್ ಕೂಡ ಈಗ ಬಾಗಿಲ ಹಿಂದೆಯೇ ಇಟ್ಟಿರುತ್ತೇನೆ, ಯಾರು ಕೇಳಿದರೂ ಕೊಡಲು. ಇನ್ನೊಂದು ಮಾತು, ಯಾವ ನಾಯಿ ಕಚ್ಚಿದರೂ, ಪರಚಿದರೂ ಗಾಯಕ್ಕೆ ಅರಿಶಿನ, ಸುಣ್ಣ ಹಚ್ಚಬೇಡಿ. ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ. ಇದನ್ನು ಟ್ಯೂಷನ್ ಮಕ್ಕಳಿಗೂ ಹೇಳಿಕೊಟ್ಟಿದ್ದೇನೆ. ಜೊತೆಗೆ, ನಾಯಿ ಎದುರಿಗೆ ಬಂದರೆ ಓಡಬೇಡಿ, ಕಿರುಚಬೇಡಿ, ಕೈ ಕಟ್ಟಿ ನೆಲ ನೋಡುತ್ತಾ ನಿಲ್ಲಿ ಅಂತ ಆಡಿಸಿ ತೋರಿಸಿದೆ. ಮಕ್ಕಳು ಬೇಗ ಕಲಿತರು. ಸ್ಕೇಲು ಎಳೆಯುತ್ತಿದ್ದ ಹುಡುಗನೇ ಈಗ ಹೊಸಬರಿಗೆ 'ಗೇಟ್ ಮುಟ್ಟಬ್ಯಾಡ್ರಲೇ' ಅನ್ನುತ್ತಾನೆ. ಅವರಿಗೆ ಇಷ್ಟು ದಿನ ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೇ.

ಒಟ್ಟು ಖರ್ಚು 26,000 ರೂಪಾಯಿ ಆಯಿತು, ಬಣ್ಣವೂ ಸೇರಿ. ನಾನು ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಳೆದದ್ದು ತಡಕ್ಕೆ ಮತ್ತು ಆ ಚೂಪು ತಂತಿಗಳಿಗೆ. ದುಡ್ಡು ಕಡಿಮೆ ಇದ್ದರೆ ಗೋಡೆಯ ಜಾಳಿ ಮುಂದಕ್ಕೆ ಹಾಕಿ, ಒಳಗೇಟು ಮಾತ್ರ ಮಾಡಿಸಿ. ಬಾಡಿಗೆ ಮನೆಯವರು ಕಂಬಗಳನ್ನು ಕಾಂಕ್ರೀಟಿನಲ್ಲಿ ಹೂಳಿಸಬೇಡಿ, ಕೆಳಗೆ ಪ್ಲೇಟು ಕೊಟ್ಟು ಆಂಕರ್ ಬೋಲ್ಟಿನಲ್ಲಿ ನಿಲ್ಲಿಸಲು ಹೇಳಿ. ಮನೆ ಬಿಡುವಾಗ ಬಿಚ್ಚಿಕೊಂಡು ಹೋಗಬಹುದು. ಮಾಲೀಕರನ್ನು ಮೊದಲೇ ಒಂದು ಮಾತು ಕೇಳಿಕೊಳ್ಳಿ.