ಟರ್ಕಿಯಾ, ಬಾತಾ? ಕರಾವಳಿಯ ಮಳೆಯಲ್ಲಿ ಎರಡನ್ನೂ ಸಾಕಿ ನೋಡಿದ ಮೇಲೆ

ಸಣ್ಣ ಜಾಗದಲ್ಲಿ ಊರ ಕೋಳಿ ಬಿಟ್ಟು ಬೇರೇನಾದರೂ ಸಾಕಬಹುದಾ ಅಂತ ಕೇಳುವವರು ಈಗ ಜಾಸ್ತಿ. ಅವರ ಬಾಯಲ್ಲಿ ಬರುವುದು ಎರಡೇ ಹೆಸರು: ಟರ್ಕಿ, ಬಾತುಕೋಳಿ. ಬೆಳ್ಮಣ್ ಹತ್ತಿರದ ನಮ್ಮ ಅಡಿಕೆ ತೋಟದಲ್ಲಿ ನಾನು ಎರಡನ್ನೂ ಸಾಕಿದ್ದೇನೆ. ಉಡುಪಿ ಕಡೆಗೂ ಮಾರಿದ್ದೇನೆ, ಮಂಗಳೂರು ಕಡೆಗೂ ಮಾರಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ. ದಿನದ ಖರ್ಚಿಗೆ ಬಾತು, ಕ್ರಿಸ್ಮಸ್ ಬರುವ ಡಿಸೆಂಬರಿನ ಒಂದು ವಾರಕ್ಕೆ ಟರ್ಕಿ. ಬಾತು ನಮ್ಮ ಮಳೆಗೆ ಹೇಳಿ ಮಾಡಿಸಿದ ಹಾಗಿದೆ. ಟರ್ಕಿಗೂ ನಮ್ಮ ಮಳೆಗೂ ಆಗಿಬರುವುದಿಲ್ಲ.

ಯಾವ ಟರ್ಕಿ ಅನ್ನುವುದೂ ಮುಖ್ಯ. ವಿದೇಶದ ದೊಡ್ಡ ಫಾರ್ಮ್‌ಗಳ ಅಗಲ ಎದೆಯ ಬಿಳಿ ಟರ್ಕಿಗೆ ತನ್ನ ಭಾರಕ್ಕೆ ತಾನಾಗಿ ಜೋಡಿಯಾಗಲೂ ಆಗುವುದಿಲ್ಲ, ಕೃತಕ ಗರ್ಭಧಾರಣೆಯೇ ಗತಿ. ನಾನು ಹೇಳುತ್ತಿರುವುದು ಹಳೆ ತಳಿಯ ಕಂಚು ಬಣ್ಣದ, ಕಪ್ಪು ಬಣ್ಣದ ಟರ್ಕಿ. ಇವು ತಾವೇ ಜೋಡಿಯಾಗುತ್ತವೆ, ತಾವೇ ಕಾವಿಗೆ ಕೂರುತ್ತವೆ. ಬೆಳೆಯುವುದು ಮಾತ್ರ ನಿಧಾನ, ಕಡಿಯುವ ಹದಕ್ಕೆ ಬರಲು ಸುಮಾರು 28 ವಾರ ಬೇಕು. ಬಾತಿನಲ್ಲಿ ನನ್ನ ಹತ್ತಿರ ಇರುವುದು ಮೊಟ್ಟೆಗೆ ಖಾಕಿ ಕ್ಯಾಂಪ್‌ಬೆಲ್, ಮಾಂಸಕ್ಕೆ ಮಸ್ಕೋವಿ.

ಅಂದಹಾಗೆ, ಟರ್ಕಿ ನಮ್ಮ ಕಡೆಗೆ ಹೊಸದು ಅಂದುಕೊಳ್ಳಬೇಡಿ. 1612ರ ಹೊತ್ತಿಗೇ ಗೋವಾದಿಂದ ಜಹಾಂಗೀರನ ಆಸ್ಥಾನಕ್ಕೆ ಒಂದು ಟರ್ಕಿ ಹೋಗಿತ್ತು. ಅವನ ಚಿತ್ರಕಾರ ಮನ್ಸೂರ್ ಅದರ ಚಿತ್ರ ಬರೆದ. ಆ ಕೆಂಪು ನೀಲಿ ಕತ್ತು ಇವತ್ತು ನಮ್ಮ ಅಂಗಳದಲ್ಲಿರುವ ಗಂಡಿನದ್ದೇ.

ಈಗ ಕ್ಯಾಲೆಂಡರ್ ತೆಗೆಯಿರಿ. ಕ್ರಿಸ್ಮಸ್‌ನಿಂದ 28 ವಾರ ಹಿಂದಕ್ಕೆ ಎಣಿಸಿದರೆ ಜೂನ್ ಎರಡನೇ ವಾರ ಸಿಗುತ್ತದೆ. ಮುಂಗಾರು ಸರಿಯಾಗಿ ಹೊಡೆಯುವ ಹೊತ್ತು. ಟರ್ಕಿ ಮರಿಗೆ ಮೊದಲ ವಾರ ಹತ್ತಿರ ಹತ್ತಿರ 35 ಡಿಗ್ರಿ ಬಿಸಿ ಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತಾ ಹೋಗಬೇಕು. ಕಾಲಡಿಯ ಉಮಿ ಒಣಗಿರಬೇಕು. ಜೂನ್‌ನಲ್ಲಿ ನಮ್ಮಲ್ಲಿ ಬಟ್ಟೆಯೇ ಒಣಗುವುದಿಲ್ಲ, ಉಮಿ ಎಲ್ಲಿ ಒಣಗಬೇಕು? ಗಾಳಿ ಬಂತೆಂದರೆ ಕರೆಂಟ್ ಹೋಯಿತು, ಬಲ್ಬಿನ ಬಿಸಿಯೂ ಹೋಯಿತು. ಹಾಗಾಗಿ ಕರಾವಳಿಯಲ್ಲಿ ಟರ್ಕಿ ಮರಿ ಏಪ್ರಿಲ್ ಮೊದಲಿಗೇ ಒಡೆದಿರಬೇಕು. ಕಾವಿಗೆ 28 ದಿನ ಹಿಡಿಯುತ್ತದೆ, ಅಂದರೆ ಮಾರ್ಚ್ ಆರಂಭದಲ್ಲೇ ಮೊಟ್ಟೆಯನ್ನು ಕಾವಿಗೆ ಇಡಬೇಕು. ಮಳೆ ಬರುವಾಗ ಮರಿಗೆ ಪುಕ್ಕ ಬಂದಿರುತ್ತದೆ. ಎರಡು ತಿಂಗಳು ಜಾಸ್ತಿ ಸಾಕುವ ಖರ್ಚು ನಿಜ, ಆದರೆ ಬೆಳೆದ ಟರ್ಕಿ ದನದ ಹಾಗೆ ಹುಲ್ಲು ಮೇಯುತ್ತದೆ. ಅದರ ಆಹಾರದಲ್ಲಿ ಅರ್ಧ ಪಾಲು ಹಸಿರೇ ಆಗಬಹುದು. ಮಳೆಗಾಲದಲ್ಲಿ ನಮ್ಮಲ್ಲಿ ಹುಲ್ಲಿಗೇನು ಬರ?

ಬಾತಿನ ಮರಿಗೂ ಮೊದಲ ವಾರಗಳಲ್ಲಿ ಬಿಸಿ ಬೇಕು, ಆದರೆ ಇಷ್ಟು ಹಠ ಇಲ್ಲ. ಒಂದೇ ಎಚ್ಚರಿಕೆ: ಹೇಂಟೆಯ ಕಾವಿನಲ್ಲಿ ಒಡೆದ ಬಾತಿನ ಮರಿಗೆ ತಾಯಿ ಬಾತಿನ ಪುಕ್ಕದ ಎಣ್ಣೆ ಸಿಕ್ಕಿರುವುದಿಲ್ಲ. ನೀರಿಗೆ ಬಿಟ್ಟರೆ ನೆನೆದು ನಡುಗಿ ಸಾಯುತ್ತದೆ. ಕ್ಯಾಂಪ್‌ಬೆಲ್ ತಾನು ಕಾವು ಕೂರುವುದು ಅಪರೂಪ, ಹಾಗಾಗಿ ಹೇಂಟೆಯೋ ಮಸ್ಕೋವಿಯೋ ಬೇಕೇ ಬೇಕು.

ಟರ್ಕಿ ಮರಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಜನ ಕೈಬಿಡುವುದು ಇಲ್ಲೇ. ತಿಂಡಿ ಮುಂದೆ ಇಟ್ಟರೂ ಅದಕ್ಕೆ ತಿನ್ನಬೇಕು ಅಂತ ಗೊತ್ತಾಗುವುದಿಲ್ಲ. ತಟ್ಟೆಯ ಮೇಲೇ ನಿಂತು ಹಸಿವಿನಿಂದ ಸಾಯಬಹುದು. ನೀರಿನ ತಟ್ಟೆಗೆ ಮಕ್ಕಳ ಬಣ್ಣದ ಗೋಲಿ ಹಾಕಿಡಿ. ಹೊಳೆಯುವುದನ್ನು ಕಂಡು ಕುಕ್ಕುತ್ತದೆ, ಕೊಕ್ಕು ಒದ್ದೆಯಾಗುತ್ತದೆ, ಹಾಗೇ ಕುಡಿಯಲು ಕಲಿಯುತ್ತದೆ. ಬೇಯಿಸಿದ ಮೊಟ್ಟೆ ಪುಡಿ ಮಾಡಿ, ನುಗ್ಗೆಸೊಪ್ಪು ಸಣ್ಣಗೆ ಹೆಚ್ಚಿ, ಕಾಗದದ ಮೇಲೆ ಉದುರಿಸಿ ಬೆರಳಿನಿಂದ ಟಕಟಕ ಅಂತ ತಟ್ಟಿ. ಒಂದು ಕುಕ್ಕಿದರೆ ಉಳಿದವೂ ಕುಕ್ಕುತ್ತವೆ. ಬಾತಿನ ಮರಿಗೆ ಇದ್ಯಾವುದೂ ಬೇಡ. ಅದಕ್ಕೆ ತಿನ್ನಲು ಕಲಿಸುವುದಲ್ಲ, ತಿನ್ನುವಾಗ ತಡೆಯುವುದೇ ಕೆಲಸ.

ತಿಂಡಿಯ ಮಾತಿಗೆ ಬಂದರೆ ಟರ್ಕಿ ಮರಿಗೆ 28 ಶೇಕಡದಷ್ಟು ಪ್ರೋಟೀನ್ ಬೇಕು. ಬ್ರಾಯ್ಲರ್ ಫೀಡಿನಲ್ಲಿ ಅಷ್ಟು ಇರುವುದಿಲ್ಲ, ಮೊಟ್ಟೆ, ಸೋಯಾ ಹಿಂಡಿ ಸೇರಿಸಿಕೊಳ್ಳಬೇಕು. ಚೀಲದ ಚೀಟಿ ಓದದೆ ಹಾಕಬೇಡಿ. ಕೋಳಿಯ ರಕ್ತಭೇದಿ ತಡೆಯಲು ಫೀಡಿಗೆ ಸೇರಿಸುವ ಸಲಿನೊಮೈಸಿನ್ ಟರ್ಕಿಗೆ ವಿಷ. ಬೂಷ್ಟು ಹಿಡಿದ ಜೋಳ, ಕಡಲೆಹಿಂಡಿ ಎರಡಕ್ಕೂ ಆಗದು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿಗಳು ಸತ್ತದ್ದು ಬೂಷ್ಟು ಬಂದ ಕಡಲೆಹಿಂಡಿ ತಿಂದು. ಅಫ್ಲಟಾಕ್ಸಿನ್ ಅನ್ನುವ ವಿಷ ಪತ್ತೆಯಾದದ್ದೇ ಆಮೇಲೆ. ಬಾತಿಗೂ ಈ ವಿಷ ಬೇಗ ತಾಗುತ್ತದೆ. ಜುಲೈ, ಆಗಸ್ಟ್ ಹೊತ್ತಿನ ನಮ್ಮ ಆಟಿ ತಿಂಗಳಲ್ಲಿ ತೆರೆದ ಚೀಲಕ್ಕೆ ಬೂಷ್ಟು ಹಿಡಿಯಲು ಹೆಚ್ಚು ದಿನ ಬೇಡ. ಸ್ವಲ್ಪ ಸ್ವಲ್ಪವೇ ತರುವುದು ಒಳ್ಳೆಯದು.

ಊರ ಕೋಳಿ ಓಡಾಡುವ ಜಾಗಕ್ಕೆ ಟರ್ಕಿ ಬಿಡಬೇಡಿ. ಕೋಳಿಯ ಕರುಳಿನ ಹುಳದ ಮೊಟ್ಟೆಯಲ್ಲಿ ಬ್ಲ್ಯಾಕ್‌ಹೆಡ್ ರೋಗದ ಜೀವಿ ಕೂತಿರುತ್ತದೆ. ಕೋಳಿಗೆ ಹೆಚ್ಚಾಗಿ ಏನೂ ಆಗುವುದಿಲ್ಲ, ಟರ್ಕಿಗೆ ಹಳದಿ ಭೇದಿ ಶುರುವಾಗಿ ಜೀವವೇ ಹೋಗುತ್ತದೆ. ನಮ್ಮ ಕಡೆ ಕೋಳಿ ಇಲ್ಲದ ಅಂಗಳ ಎಲ್ಲುಂಟು? ಟರ್ಕಿಗೆ ಬೇಲಿ ಹಾಕಿದ ಬೇರೆ ಜಾಗ ಬೇಕಾಗುವುದು ಇದಕ್ಕೇ.

ತೋಟಕ್ಕೆ ಆಗುವ ಉಪಕಾರದಲ್ಲಿ ಬಾತಿಗೆ ಎದುರಿಲ್ಲ. ಅಡಿಕೆ ಸಾಲಿನ ನಡುವೆ ನೀರು ಹರಿಯುವ ಕಣಿಯಲ್ಲಿ ಬೆಳಗ್ಗೆ ಇಳಿದರೆ ಸಣ್ಣ ಬಸವನಹುಳು, ಕಳೆ ಎಲ್ಲ ಸ್ವಾಹಾ. ಮಳೆಗಾಲದ ಏಣಿಲು ಬೆಳೆಯ ಗದ್ದೆಗೆ ನಾಟಿ ಬೇರು ಹಿಡಿದ ಮೇಲೆ ಬಿಡಬಹುದು, ತೆನೆ ಬರುವ ಮೊದಲು ಹೊರಗೆ ಅಟ್ಟಬೇಕು. ಒಂಬತ್ತು ಗಂಟೆಗೆ ಮೊದಲು ಗೂಡಿನ ಬಾಗಿಲು ತೆಗೆಯಬೇಡಿ. ಕ್ಯಾಂಪ್‌ಬೆಲ್ ಮೊಟ್ಟೆ ಇಡುವುದು ಬೆಳಗಿನ ಜಾವ, ಬೇಗ ಬಿಟ್ಟರೆ ಮೊಟ್ಟೆ ಕಣಿಯ ಪಾಲು. ಮೊಟ್ಟೆ ಇಡುವವಕ್ಕೆ ಮೀನಿನ ಕಸ ಜಾಸ್ತಿ ಹಾಕಬೇಡಿ, ಮೊಟ್ಟೆಗೂ ಅದೇ ವಾಸನೆ ಬರುತ್ತದೆ.

ಮಾರಾಟದಲ್ಲಿ ಮಾತ್ರ ಕಥೆ ಬೇರೆ. ನಮ್ಮಲ್ಲಿ ಊರ ಕೋಳಿಗೆ ಕೋಲ, ಹರಕೆ, ನೆಂಟರು ಅಂತ ವರ್ಷವಿಡೀ ಬೇಡಿಕೆ ಉಂಟು. ಟರ್ಕಿಗೂ ಬಾತಿಗೂ ಆ ದಾರಿ ಇಲ್ಲ, ಗಿರಾಕಿಯನ್ನು ನಾವೇ ಹುಡುಕಬೇಕು. ಕ್ಯಾಂಪ್‌ಬೆಲ್ ಚೆನ್ನಾಗಿ ನೋಡಿಕೊಂಡರೆ ವರ್ಷಕ್ಕೆ 250ರ ಮೇಲೆ ಮೊಟ್ಟೆ ಇಡುತ್ತದೆ. ಟರ್ಕಿ ನೂರು ದಾಟುವುದು ಕಷ್ಟ. ಬಾತಿನ ಮೊಟ್ಟೆಗೆ ಕೋಳಿ ಮೊಟ್ಟೆಯ ಹತ್ತಿರ ಹತ್ತಿರ ದುಪ್ಪಟ್ಟು ರೇಟು ಸಿಗುತ್ತದೆ. ಮೂಲವ್ಯಾಧಿಗೆ ಒಳ್ಳೆಯದು ಅನ್ನುವ ನಂಬಿಕೆಯಿಂದ ಕೊಳ್ಳುವವರು ಕೆಲವರು, ಮಲಯಾಳಿ ಮನೆಯವರು ಕೆಲವರು. ಬಾತಿನ ಮಾಂಸಕ್ಕೆ ನನ್ನ ಒಳ್ಳೆಯ ಗಿರಾಕಿಗಳು ಮಣಿಪಾಲದ ಕಡೆ ಕಟ್ಟಡ ಕೆಲಸಕ್ಕೆ ಬಂದಿರುವ ಬಂಗಾಳ, ಅಸ್ಸಾಮಿನ ಹುಡುಗರು. ಜೀವಂತ ಕೊಂಡು ತಾವೇ ಶುಚಿ ಮಾಡಿಕೊಳ್ಳುತ್ತಾರೆ. ಅದೇ ದೊಡ್ಡ ಉಪಕಾರ. ಬಾತಿನ ಪುಕ್ಕ ಕೀಳುವುದು ಸಾಕು ಸಾಕಾಗುವ ಕೆಲಸ. ಪುಕ್ಕಕ್ಕೆ ಎಣ್ಣೆ ಇರುವುದರಿಂದ ಬಿಸಿನೀರು ಒಳಗೆ ಇಳಿಯುವುದಿಲ್ಲ. ನೀರಿಗೆ ಸ್ವಲ್ಪ ಪಾತ್ರೆ ತೊಳೆಯುವ ಸೋಪು ಹಾಕಿ, ಪುಕ್ಕದ ಎದುರು ದಿಕ್ಕಿಗೆ ಉಜ್ಜುತ್ತಾ ಅದ್ದಿದರೆ ಮಾತ್ರ ಬರುತ್ತದೆ. ಆಮೇಲೂ ಸೂಜಿಯಂಥ ಮರಿಪುಕ್ಕ ಉಳಿದೇ ಉಳಿಯುತ್ತದೆ. ಕೋಳಿ ಅಂಗಡಿಯವರು ನೋಡಿದ ಕೂಡಲೇ ಕೈಮುಗಿಯುತ್ತಾರೆ.

ಟರ್ಕಿಯ ಪುಕ್ಕ ಸಲೀಸು, ತೊಂದರೆ ಇರುವುದು ಗಾತ್ರದಲ್ಲಿ. "ಇಷ್ಟು ದೊಡ್ಡದು ನಮ್ಮ ಪಾತ್ರೆಗೆ ಹಿಡಿಸ್ತದಾ ಮಾರಾಯ್ರೇ?" ಅಂತ ಶಿರ್ವದ ಕ್ರೈಸ್ತ ಬಾಯಮ್ಮ ಒಬ್ಬರು ಕೇಳಿದ್ದರು. "ಹೆಣ್ಣು ಕೊಡ್ತೇನೆ ಬಾಯಮ್ಮ, ಅದು ಹಿಡಿಸ್ತದೆ" ಅಂದೆ. ಮನೆಗೆ ಹೆಣ್ಣು, ಹೋಟೆಲ್, ಕೇಟರಿಂಗಿಗೆ ಗಂಡು. ಈ ಲೆಕ್ಕ ಸರಿಹೋಗುತ್ತದೆ. ಕ್ರಿಸ್ಮಸ್ ದಾಟಿದ ಮೇಲೆ ಉಳಿದ ಟರ್ಕಿಯನ್ನು ಕೇಳುವವರಿಲ್ಲ. ಸ್ವಲ್ಪ ದಿನದಲ್ಲಿ ಕ್ರೈಸ್ತರು ಮಾಂಸ ಕಡಿಮೆ ಮಾಡುವ ತಪಸ್ಸಿನ ಕಾಲವೂ ಬರುತ್ತದೆ.

ಮಸ್ಕೋವಿ ಬಗ್ಗೆ ಹೆಚ್ಚಿಗೆ ಹೇಳುವುದಿಲ್ಲ. ಗಲಾಟೆ ಇಲ್ಲ, ಕೆರೆ ಬೇಡ, ಕೊಬ್ಬು ಕಡಿಮೆ, 35 ದಿನ ಅಲ್ಲಾಡದೆ ಕಾವು ಕೂರುತ್ತದೆ. ಗಂಡನ್ನು ಕ್ಯಾಂಪ್‌ಬೆಲ್ ಜೊತೆ ಬಿಟ್ಟರೆ ಹುಟ್ಟುವ ಮರಿಗೆ ಸಂತಾನ ಆಗುವುದಿಲ್ಲ, ಅಷ್ಟು ನೆನಪಿಟ್ಟುಕೊಳ್ಳಿ. ಗಲಾಟೆ ಇಷ್ಟವಾಗದ ನೆರೆಯವರಿದ್ದರೆ ಇದೇ ಸರಿ. ಟರ್ಕಿ ಗಂಡು ಗರ್ನಾಲು ಪಟಾಕಿಯ ಸದ್ದಿಗೂ ಉತ್ತರ ಕೊಡುತ್ತದೆ, ಮೈಕಿಗೂ ಕೊಡುತ್ತದೆ.

ಹಕ್ಕಿಜ್ವರದ ಸುದ್ದಿ ಬಂದರೆ ಎರಡಕ್ಕೂ ಪೆಟ್ಟು, ಆದರೆ ಪೆಟ್ಟು ಒಂದೇ ತರಹ ಅಲ್ಲ. 2014ರಲ್ಲಿ ಕೇರಳದ ಕುಟ್ಟನಾಡಿನ ಬಾತುಗಳಿಗೆ ಅದು ಬಂದದ್ದು ನವೆಂಬರ್ ಕೊನೆಗೆ, ಕ್ರಿಸ್ಮಸ್ ಹತ್ತಿರವಿರುವಾಗ. 2024ರಲ್ಲಿ ಏಪ್ರಿಲ್‌ನಲ್ಲಿ ಬಂತು. ಬಾತಿನವನಿಗೆ ಸ್ವಲ್ಪ ಕಾಲದ ಮೊಟ್ಟೆ ವ್ಯಾಪಾರ ನಿಲ್ಲುತ್ತದೆ, ಆಮೇಲೆ ಮತ್ತೆ ಶುರುವಾಗುತ್ತದೆ. ಡಿಸೆಂಬರಿಗೇ ಕಾದು ಕೂತ ಟರ್ಕಿಯವನಿಗೆ ಇಡೀ ವರ್ಷ ಹೋಗುತ್ತದೆ. ಅದಕ್ಕೇ ನಾನು ಈಸ್ಟರ್ ಹೊತ್ತಿಗೇ ಹಳೆ ಗಿರಾಕಿಗಳಿಗೆ ಫೋನ್ ಮಾಡಿ ಈ ಸಲ ಬೇಕಾ ಅಂತ ಕೇಳುತ್ತೇನೆ. ಹೌದು ಅಂದವರ ಲೆಕ್ಕಕ್ಕಿಂತ ನಾಲ್ಕೈದು ಮರಿ ಜಾಸ್ತಿ ಇಡುತ್ತೇನೆ, ಉಳಿದ ಜಾಗವೆಲ್ಲ ಕ್ಯಾಂಪ್‌ಬೆಲ್‌ಗೆ.